ಶಿಳ್ಳೆ ಬಿದ್ದದ್ದು ಎಲ್ಲಿ?

ಹಲಸೂರಿನ ಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ನಡೆದಾಡುವವರಲ್ಲಾಗಲಿ, ಇಂದಿರಾನಗರದ ನಿಲ್ದಾಣದಲ್ಲಿ ಮೆಟ್ರೊ ರೈಲನ್ನು ಕಾಯುತ್ತ ನಿಂತವರಲ್ಲಾಗಲಿ, ಕೃಷ್ಣರಾಜಪುರದ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಅರ್ಧ ನಿಮಿಷದ ಮಟ್ಟಿಗೆ ಜೊತೆಯಾದವರಲ್ಲಾಗಲಿ, ಸೋಮವಾರದ ದಿನ ಕಿವಿಗೊಟ್ಟರೆ ಹಿಂದಿನ ದಿನ ನೋಡಿದ ಚಲಚ್ಚಿತ್ರದ ಮಾತು ಒಂದಲ್ಲ ಒಂದು ಬಗೆಯಲ್ಲಿ ಕೇಳಿಬಂದೇ ಬರುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳುಳ್ಳವರು ಆ ಮಾತಿನ ನಡುವೆ ಬಾಯಿ ಹಾಕಿ, “ಮಕ್ಕಳನ್ನ ಕರ್ಕೊಂಡು ಹೋಗಬಹುದಾ?” ಎಂದು ಕೇಳುತ್ತಾರೆ. “ಧಾರಾಳವಾಗಿ ಹೋಗಿ ಸಾರ್, ಫ್ಯಾಮಿಲಿ ಪಿಕ್ಚರ್ರು” ಎಂದು ಉತ್ತರ ಬರುತ್ತದೆ. ಈ ಉತ್ತರವನ್ನು ಕೊಟ್ಟವನು ಸುಳ್ಳುಗಾರನಲ್ಲ. ತನಗೆ ಸಂತೋಷವಾಯಿತೆಂಬುದನ್ನು ಅವನು ಯಥಾರ್ಥವಾಗಿಯೇ ನಿವೇದಿಸಿರುತ್ತಾನೆ. ಆದರೆ ತನ್ನ ಮುಂದಿನ ಸಾಲಿನಲ್ಲಿ ತಂದೆಯ ತೋಳಿಗೆ ಮುಖವೊತ್ತಿ ಕುಳಿತಿದ್ದ ಆರು ವರ್ಷದ ಬಾಲಕಿ ಎಷ್ಟು ಸಲ ಕಣ್ಣು ಮುಚ್ಚಿಕೊಂಡಳೆಂಬುದು ಅವನಿಗೆ ತಿಳಿದಿರುವ ಸಂಭವವಿಲ್ಲ, ಏಕೆಂದರೆ ಅಷ್ಟು ಹೊತ್ತೂ ಅವನ ದೃಷ್ಟಿ ತೆರೆಯ ಮೇಲೆಯೇ ಇದ್ದಿತು.

ಆದುದರಿಂದ ಅಭಿಪ್ರಾಯ ಕೇಳುವವರು ತಮ್ಮ ಪ್ರಶ್ನೆಯನ್ನೇ ಮೊದಲು ತಿದ್ದಿಕೊಳ್ಳುವುದು ಉಚಿತವೆಂದು ನನಗೆ ತೋರುತ್ತದೆ. ಚೆನ್ನಾಗಿದೆಯೆ ಎಂದು ಕೇಳಿದರೆ ಹೇಳುವವನ ಅಭಿರುಚಿ ತಿಳಿದೀತು. ಚಿತ್ರ ತಿಳಿಯಬೇಕಾದರೆ ಏನೇನಾಗುತ್ತದೆ ಎಂದೇ ಕೇಳಬೇಕು. ಕಥೆಯ ಗುಟ್ಟು ಬಯಲಾದೀತೆಂಬ ಸಂಕೋಚ ದೊಡ್ಡವರದು. ಮಕ್ಕಳಾದರೋ ಕೇಳಿದ ಕಥೆಯನ್ನೇ ಮತ್ತೆ ಮತ್ತೆ ಹೇಳೆಂದು ಪೀಡಿಸುವವರು. ಅವರನ್ನು ಕರೆದೊಯ್ಯುವವನು ಆದ್ಯಂತವಾಗಿ ಕಥೆಯನ್ನು ತಿಳಿದುಕೊಂಡೇ ಹೊರಟರೆ ನಷ್ಟವೇನೂ ಇಲ್ಲ. ಯಾರು ಸಾಯುತ್ತಾರೆ, ಆ ಸಾವು ತೆರೆಯ ಮೇಲೆ ಎಷ್ಟು ಹೊತ್ತು ನಡೆಯುತ್ತದೆ, ತಾಯಿಯನ್ನಗಲಿದ ಮಗುವೋ ಮರಿಯೋ ಕಥೆಯಲ್ಲುಂಟೆ, ಉಂಟಾದರೆ ಅದು ಕೊನೆಗೆ ಯಾರ ಆಸರೆಯನ್ನು ಸೇರುತ್ತದೆ, ಅಂಜಿಸುವ ದೃಶ್ಯಗಳು ಮಧ್ಯಂತರಕ್ಕೆ ಮೊದಲೋ ಅನಂತರವೋ, ಇಷ್ಟನ್ನು ಕೇಳಿಕೊಂಡರೆ ಅರ್ಧ ಕೆಲಸವಾದಂತೆ. ಉಳಿದರ್ಧಕ್ಕೆ ಒಂದೇ ಒಂದು ಪ್ರಶ್ನೆ ಸಾಕು, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದದ್ದು ಎಲ್ಲಿ?

ಭಯ, ದುಃಖ, ರಕ್ತಪಾತ ಇವುಗಳಿಂದ ಮಕ್ಕಳನ್ನು ಸಂಪೂರ್ಣವಾಗಿ ಮರೆಮಾಡಿ ಬೆಳೆಸಬೇಕೆಂಬ ಪಕ್ಷ ನನ್ನದಲ್ಲ. ಹಸುಳೆಗಳನ್ನು ಬಂಡೆಗೆ ಅಪ್ಪಳಿಸಿದ ಕಂಸನ ಕಥೆಯನ್ನೂ, ವಿಷದ ಮೊಲೆಯೂಡಿಸಲು ಬಂದ ಪೂತನಿಯ ಕಥೆಯನ್ನೂ, ಹುಲಿಗೆ ಕೊಟ್ಟ ಮಾತಿಗಾಗಿ ಎಳೆಗರುವನ್ನು ಬಿಟ್ಟು ಹೊರಟ ಪುಣ್ಯಕೋಟಿಯ ಕಥೆಯನ್ನೂ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳಿದ ಜನಾಂಗಗಳು ಕಂಗೆಟ್ಟು ಹೋಗಲಿಲ್ಲ. ಅಲ್ಲಿ ಕ್ರೌರ್ಯವಿದ್ದರೂ ಕ್ರೌರ್ಯಕ್ಕೆ ಜಯಕಾರವಿರಲಿಲ್ಲ. ಕಂಸನು ಶಿಶುವನ್ನೆತ್ತಿದಾಗ ಕೇಳುವವರಾರೂ ಕೈ ತಟ್ಟುತ್ತಿರಲಿಲ್ಲ. ಮಗುವಿನ ಎಳೆಯ ಬುದ್ಧಿಗೆ ತೆರೆಯ ಮೇಲಿನ ಕೃತ್ಯದ ಗುಣದೋಷ ತಾನಾಗಿ ಗೋಚರವಾಗುವುದಿಲ್ಲ. ಸುತ್ತ ಕುಳಿತ ದೊಡ್ಡವರು ಯಾವುದಕ್ಕೆ ನಕ್ಕರು, ಯಾವುದಕ್ಕೆ ಹರ್ಷೋದ್ಗಾರ ಮಾಡಿದರು, ಯಾವುದಕ್ಕೆ ಮೌನವಾದರು ಎಂಬುದನ್ನು ನೋಡಿಯೇ ಅದು ಅರ್ಥವನ್ನು ಕಲ್ಪಿಸಿಕೊಳ್ಳುತ್ತದೆ. ರಕ್ತದ ಹನಿಗಳನ್ನು ಲೆಕ್ಕ ಹಾಕುವ ಸೆನ್ಸಾರ್ ಮಂಡಳಿಯ ಅಧಿಕಾರಿಗಳಿಗೆ ಈ ಶಿಳ್ಳೆಯ ಲೆಕ್ಕ ಸಿಕ್ಕುವುದಿಲ್ಲ.

2022ರಲ್ಲಿ ಬಂದ ‘ಕಾಂತಾರ’ವನ್ನೇ ಉದಾಹರಣೆಗೆ ಎತ್ತಿಕೊಳ್ಳಬಹುದು. ಅದನ್ನು ನೋಡಿ ಬಂದವರು ಮಕ್ಕಳ ಸಂಬಂಧವಾಗಿ ಹೇಳುತ್ತಿದ್ದ ಎಚ್ಚರಿಕೆಯ ಮಾತು ಬಹುಮಟ್ಟಿಗೆ ದೈವದ ಕೂಗನ್ನು ಕುರಿತದ್ದು. ಆ ಕೂಗಿಗೆ ಮಕ್ಕಳು ಬೆಚ್ಚುತ್ತಾರೆ ಎಂಬುದು. ಬೆಚ್ಚುವುದು ನಿಜ. ಕರಾವಳಿಯಲ್ಲಿ ದೊಡ್ಡವರ ತೊಡೆಯ ಮೇಲೆ ಕುಳಿತು ರಾತ್ರಿಯ ಕೋಲವನ್ನು ನೋಡುವ ಮಕ್ಕಳೂ ಬೆಚ್ಚುತ್ತಾರೆ. ಆದರೆ ಆ ಬೆಚ್ಚುವಿಕೆಯಲ್ಲಿ ಭಕ್ತಿಯ ಮತ್ತು ಆಶ್ಚರ್ಯದ ಅಂಶ ಬೆರೆತಿರುವುದರಿಂದ ಅದು ಅವರನ್ನು ನೋಯಿಸಿ ಹೋಗುವಂಥದಲ್ಲ. ನನ್ನ ಆಕ್ಷೇಪವಿರುವುದು ಯಾರೂ ಪ್ರಸ್ತಾಪಿಸದ ಬೇರೊಂದು ದೃಶ್ಯಕ್ಕೆ: ನಾಯಕನು ನಾಯಕಿಯ ಸೊಂಟವನ್ನು ಅವಳ ಸಮ್ಮತಿಯಿಲ್ಲದೆ ಚಿವುಟುವ, ಪ್ರೇಕ್ಷಕರು ಅದಕ್ಕೆ ಗೊಳ್ಳೆಂದು ನಗುವ ದೃಶ್ಯ. ಅಲ್ಲಿ ಕತ್ತಲಿಲ್ಲ, ಕೂಗಿಲ್ಲ, ರಕ್ತವಿಲ್ಲ. ಆದುದರಿಂದಲೇ ಹತ್ತು ವರ್ಷದ ಹುಡುಗನು ಅದನ್ನು ಗಂಡಸಿನ ಸಹಜವಾದ ಸರಸವೆಂದು ಭಾವಿಸಿ ಮನೆಗೆ ಹೊತ್ತು ತರುತ್ತಾನೆ. ಆ ಚಿತ್ರವನ್ನು ಮಕ್ಕಳಿಗೆ ತೋರಿಸಲೇಬಾರದೆಂದು ನಾನು ಹೇಳುವುದಿಲ್ಲ. ಹನ್ನೆರಡು ದಾಟಿದ ಮಗುವಿಗೆ ತೋರಿಸಬಹುದು, ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ಸೊಂಟದ ವಿಷಯವನ್ನೆತ್ತಿ ಒಂದೆರಡು ಮಾತನ್ನಾಡುವ ಧೈರ್ಯ ಜೊತೆಗಿರುವ ದೊಡ್ಡವರಿಗಿರಬೇಕು. 2025ರ ಅಕ್ಟೋಬರ್ 2ರಂದು, ದಸರೆಯ ರಜೆಯ ನಡುವೆ ಬಂದ ‘ಕಾಂತಾರ: ಅಧ್ಯಾಯ 1’ರ ಮಾತೇ ಬೇರೆ. ಎರಡೂಮುಕ್ಕಾಲು ಗಂಟೆಯ ಆ ಚಿತ್ರಕ್ಕೆ ಕೊಟ್ಟಿದ್ದುದು ಯುಎ 16+ ಎಂಬ ದರ್ಜೆ. ಅದರ ಯುದ್ಧಗಳ ದೀರ್ಘತೆಯನ್ನೂ ಧ್ವನಿಯ ಅಬ್ಬರವನ್ನೂ ಪರ್ಯಾಲೋಚಿಸಿದರೆ ಆ ಹದಿನಾರು ಎಂಬ ಅಂಕಿಯನ್ನು ಅಕ್ಷರಶಃ ಪಾಲಿಸುವುದೇ ಕ್ಷೇಮ.

‘ಕೆ.ಜಿ.ಎಫ್’ನ ವಿಚಾರವನ್ನು ಈ ಭಾಗದವರಾದ ನಾವು ಸ್ವಲ್ಪ ಬೇರೆಯಾಗಿಯೇ ನೋಡಬೇಕಾಗಿದೆ. ಚಿನ್ನದ ಗಣಿಗಳ ಊರಿಗೂ ಬೆಂಗಳೂರಿನ ದಂಡಿನ, ಎಂದರೆ ಕಂಟೋನ್ಮೆಂಟಿನ, ಪೂರ್ವಭಾಗಕ್ಕೂ ಬಹುಕಾಲದ ನಂಟು. ಹಲಸೂರು, ಶಿವಾಜಿನಗರಗಳ ಎಷ್ಟೋ ಮನೆಗಳಲ್ಲಿ ಗಣಿಯಲ್ಲಿ ದುಡಿದ ಅಜ್ಜನೊಬ್ಬನ ನೆನಪುಂಟು, ಇಂದಿಗೂ ಆ ಕಡೆಯಿಂದ ಬಂಗಾರಪೇಟೆಯ ಮಾರ್ಗವಾಗಿ ದಿನವೂ ರೈಲುಹತ್ತಿ ಕೃಷ್ಣರಾಜಪುರದಲ್ಲಿಯೋ ಕಂಟೋನ್ಮೆಂಟಿನಲ್ಲಿಯೋ ಇಳಿದು ಕೆಲಸಕ್ಕೆ ಹೋಗುವವರುಂಟು. ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. 2018ರಲ್ಲಿಯೂ 2022ರಲ್ಲಿಯೂ ಎರಡು ಭಾಗಗಳಾಗಿ ಬಂದ ಚಿತ್ರದ ಗಣಿಲೋಕವಾದರೋ ಸರ್ವಥಾ ಕಲ್ಪಿತವಾದುದು; ಅದರಲ್ಲಿ ಶಿಳ್ಳೆ ಬೀಳುವುದು ಸುತ್ತಿಗೆಯ ಪೆಟ್ಟಿಗೆ, ಬಂದೂಕಿನ ಮಳೆಗೆ, ಎದುರಾಳಿಯ ಅವಮಾನಕ್ಕೆ. ಹಿಂಸೆ ಎಂಬುದು ಇಲ್ಲಿ ಕಥೆಯ ಒಂದು ಪ್ರಸಂಗವಾಗಿ ನಿಲ್ಲದೆ ನಾಯಕನ ಭೂಷಣವಾಗಿಬಿಟ್ಟಿದೆ. ಗಡ್ಡವೇ ಮೂಡದ ಹುಡುಗರು ಆಟದ ಬಯಲಿನಲ್ಲಿ ಗಡ್ಡ ನೀವಿಕೊಳ್ಳುವ ಅಭಿನಯ ಮಾಡುತ್ತ ಆ ಸಂಭಾಷಣೆಗಳನ್ನು ಒಪ್ಪಿಸುವುದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆದರೂ ಕೇಳಿದವರಿಗೆ ನನ್ನ ಸಲಹೆ ಇಷ್ಟೇ: ಹುಡುಗನಿಗೆ ಹದಿನಾಲ್ಕೋ ಹದಿನೈದೋ ಆಗಲಿ, ಆಮೇಲೆ ತೋರಿಸಿ, ತೋರಿಸಿದ ಮೇಲೆ ಒಂದು ಭಾನುವಾರ ಅದೇ ರೈಲಿನಲ್ಲಿ ಕರೆದೊಯ್ದು, ಗಣಿಯ ಮಣ್ಣನ್ನು ಗುಡ್ಡೆಗುಡ್ಡೆಯಾಗಿ ಸುರಿದ ಸಯನೈಡ್ ದಿಬ್ಬಗಳನ್ನು ದೂರದಿಂದಾದರೂ ತೋರಿಸಿ, ಅಲ್ಲಿ ನಿಜವಾಗಿ ದುಡಿದವರು ಯಾರೆಂಬುದನ್ನು ಹೇಳಿ.

ದುಃಖದ ಚಿತ್ರಗಳ ವಿಷಯದಲ್ಲಿ ನಮ್ಮ ಜನ ಅನಾವಶ್ಯಕವಾಗಿ ಅಂಜುತ್ತಾರೆ. 2022ರ ‘777 ಚಾರ್ಲಿ’ಯನ್ನು ನೋಡಿ ಬಂದವರು, “ಬೇಡಪ್ಪ, ಕೊನೇಲಿ ನಾಯಿ ಸತ್ತೋಗುತ್ತೆ, ಮಗು ಅತ್ತುಬಿಡುತ್ತೆ” ಎಂದು ತಡೆದುದನ್ನು ಬಹಳ ಕಡೆ ಕೇಳಿದ್ದೇನೆ. ಅಳಲಿ ಎನ್ನುತ್ತೇನೆ. ಒಂಟಿಯಾದ ಮನುಷ್ಯನೊಬ್ಬನು ಬೇಡವೆನ್ನುತ್ತಲೇ ಒಂದು ನಾಯಿಯನ್ನು ಹಚ್ಚಿಕೊಂಡು, ಅದಕ್ಕೆ ವಾಸಿಯಾಗದ ವ್ಯಾಧಿಯೆಂದು ತಿಳಿದ ಮೇಲೆ ಅದಕ್ಕೆ ಹಿಮವನ್ನು ತೋರಿಸಲೆಂದು ದೇಶದ ಆ ಕೊನೆಗೆ ಹೊರಡುವ ಕಥೆ ಅದು. ನಾಯಿಯನ್ನು ಹಣಕ್ಕಾಗಿ ಸಾಕುವವರ ನಿರ್ದಯೆಯನ್ನೂ ಅದು ಮುಚ್ಚಿಡುವುದಿಲ್ಲ. ಅದರಲ್ಲಿ ನಗೆಪಾಟಲಿಗೆ ಗುರಿಯಾಗುವ ದುರ್ಬಲರಿಲ್ಲ, ಕಣ್ಣೀರು ಹಾಕಿದವನನ್ನು ಹೀಯಾಳಿಸುವ ಮಾತಿಲ್ಲ. ಎಂಟು ವರ್ಷದ ಮಗು ಆ ಚಿತ್ರದ ಕೊನೆಗೆ ಬಿಕ್ಕಿ ಬಿಕ್ಕಿ ಅತ್ತರೆ ಅದರ ಹೃದಯಕ್ಕೆ ಅಪಾಯವೇನೂ ಆಗಿಲ್ಲ. ನಾಯಕನ ಧೂಮಪಾನ, ಮದ್ಯಪಾನಗಳು ಮೊದಲ ಭಾಗದಲ್ಲಿ ಯಥೇಚ್ಛವಾಗಿವೆ ಎಂಬುದನ್ನು ಮಾತ್ರ ತಿಳಿದು ಹೋಗಬೇಕು. ಮನೆಯಲ್ಲಿ ಸಾಕಿದ ನಾಯಿ ತೀರಿಕೊಂಡು ಇನ್ನೂ ತಿಂಗಳಾಗದ ಮಗುವಿದ್ದರೆ ಆ ಚಿತ್ರವನ್ನು ಮುಂದಕ್ಕೆ ಹಾಕುವುದೇ ಲೇಸು. ಇಂಥ ಸಂಗತಿಯನ್ನು ಯಾವ ಮಂಡಳಿಯ ಪ್ರಮಾಣಪತ್ರವೂ ನಿಮಗೆ ತಿಳಿಸಲಾರದು.

ಇದೇ ಬಗೆಯ ದುಃಖವನ್ನು ಇನ್ನೂ ಸೌಮ್ಯವಾದ ಪ್ರಮಾಣದಲ್ಲಿ ಉಣಿಸುವ ಚಿತ್ರ ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’. 1985ರ ಆ ಚಿತ್ರಕ್ಕಾಗಿ ಬಾಲಕ ಪುನೀತನಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಕಾಡಿನ ಹೂಗಳನ್ನು ಹುಡುಕಿ ತಂದು ಮಾರಿ, ‘ಶ್ರೀ ರಾಮಾಯಣ ದರ್ಶನಂ’ ಪುಸ್ತಕವನ್ನು ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಸುವ ಬಾಲಕ, ಕೊನೆಗೆ ಆ ಹಣದಿಂದ ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ತೆರೆಯ ಮೇಲೆ ಯಾರೂ ಯಾರಿಗೂ ಹೊಡೆಯದ, ಆದರೂ ಮಗು ಉಸಿರು ಬಿಗಿಹಿಡಿದು ನೋಡುವ ಚಿತ್ರ ಅದು. ಇಂದಿನ ವೇಗಕ್ಕೆ ಒಗ್ಗಿದ ಮಕ್ಕಳು ಮೊದಲ ಹದಿನೈದು ನಿಮಿಷ ಚಡಪಡಿಸುತ್ತಾರೆ. ಪಕ್ಕದಲ್ಲಿ ಕುಳಿತು, ಹೂವು ಸಿಕ್ಕುವವರೆಗೆ ತಾಳಿಕೊಳ್ಳುವಂತೆ ಹೇಳಬೇಕಾಗುತ್ತದೆ.

ಪುನೀತನ ಹೆಸರು ಬಂದದ್ದರಿಂದ ಮತ್ತೊಂದು ಹೋಲಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಿನ ಪಾತ್ರದಲ್ಲಿ ರಾಜಕುಮಾರ್, ಪ್ರಹ್ಲಾದನಾಗಿ ಅವರ ಮಗನೇ. 2025ರ ಜುಲೈಯಲ್ಲಿ ಅದೇ ಕಥೆ ‘ಮಹಾವತಾರ ನರಸಿಂಹ’ ಎಂಬ ಆನಿಮೇಷನ್ ಚಿತ್ರವಾಗಿ ಬಂದಿತು. ಕಾರ್ಟೂನು ಎಂದೊಡನೆ ಶಿಶುಗಳಿಗೆ ಮೀಸಲೆಂದು ಬಗೆಯುವ ಅಭ್ಯಾಸ ನಮ್ಮದಾದ್ದರಿಂದ, ದೇವರ ಕಥೆ ಎಂಬ ಮತ್ತೊಂದು ಆಶ್ವಾಸನೆಯೂ ಅದಕ್ಕೆ ಸೇರಿಕೊಂಡು, ಮೂರು ವರ್ಷದ ಕೂಸುಗಳನ್ನೂ ಎತ್ತಿಕೊಂಡು ಜನ ನುಗ್ಗಿದರು. ಆ ಚಿತ್ರದ ಕೊನೆಯ ಕಾಳಗ ದೀರ್ಘವಾದುದು, ಉಗ್ರವಾದುದು. ಹೋಲಿಕಾದಹನ, ವರಾಹನ ಯುದ್ಧ, ಕೊನೆಗೆ ಹೊಸ್ತಿಲ ಮೇಲೆ ನಡೆಯುವ ವಧೆ, ಇವೆಲ್ಲ ಯಂತ್ರದ ಚಮತ್ಕಾರದಿಂದ ನೂರ್ಮಡಿ ಹಿಗ್ಗಿ ನಿಂತಿವೆ. ಹಳೆಯ ಚಿತ್ರದಲ್ಲಿ ಸಿಂಹಮುಖದ ವೇಷವೆಂಬುದು ಮಗುವಿಗೂ ಗೊತ್ತಾಗುತ್ತಿದ್ದಿತು. ಆ ಗೊತ್ತಾಗುವಿಕೆಯೇ ಅದಕ್ಕೊಂದು ರಕ್ಷೆಯಾಗಿದ್ದಿತು. ಆರರ ಒಳಗಿನವರಿಗೆ ಹಳೆಯದನ್ನು ಮನೆಯಲ್ಲಿ ತೋರಿಸಿ, ಎಂಟು ದಾಟಿದವರನ್ನು ಹೊಸದಕ್ಕೆ ಕರೆದೊಯ್ಯುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಹೊಸ ಚಿತ್ರವು ಕನ್ನಡದ ಧ್ವನಿಯಲ್ಲಿ ದೊರೆತದ್ದು ಒಂದು ಉಪಕಾರವೇ ಸರಿ. ಡಬ್ಬಿಂಗಿಗೆ ಹಲವು ದಶಕಗಳ ಕಾಲ ನಮ್ಮಲ್ಲಿ ಅಘೋಷಿತ ನಿಷೇಧವಿದ್ದು, 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಡುವವರೆಗೂ, ಕನ್ನಡದ ಮಕ್ಕಳು ಆನೆ, ಇಲಿ, ಮೀನುಗಳ ಮಾತನ್ನು ಬೇರೆ ಭಾಷೆಗಳಲ್ಲಿಯೇ ಕೇಳಬೇಕಾಗಿದ್ದಿತು. ದಂಡಿನ ಪ್ರದೇಶದಲ್ಲಂತೂ ಒಂದೇ ಓಣಿಯಲ್ಲಿ ತಮಿಳು, ದಖನಿ, ತೆಲುಗು, ಕನ್ನಡಗಳನ್ನಾಡುವ ಮಕ್ಕಳು ಬೆಳೆಯುತ್ತಾರೆ. ಓದು ಚುರುಕಾಗದ ಮಗುವಿಗೆ ತೆರೆಯ ಅಡಿಯ ಬರಹ ಸಹಾಯಕ್ಕೆ ಬರುವುದಿಲ್ಲ. ಅರ್ಥವಾಗದ ಭಾಷೆಯಲ್ಲಿ ಭಯದ ದೃಶ್ಯ ಇಮ್ಮಡಿ ಭಯಂಕರ, ನಗೆಯ ದೃಶ್ಯ ಶೂನ್ಯ. ಅದರ ಮನೆಮಾತಿನ ಪ್ರದರ್ಶನವನ್ನೇ ಆರಿಸಿಕೊಳ್ಳಬೇಕು.

ಮಿಕ್ಕ ಕೆಲವನ್ನು ಸಂಕ್ಷೇಪವಾಗಿ ಹೇಳಬಹುದು. ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ (2025) ದೆವ್ವ ಹಿಡಿದಂತೆ ನಟಿಸುವ ತರುಣನೊಬ್ಬನಿಂದ ಊರೆಲ್ಲ ಕಂಗಾಲಾಗುವ ಹಾಸ್ಯಕಥೆ. ದೆವ್ವವೇ ನಗೆಗೀಡಾಗುವುದರಿಂದ ಭಯ ತಾನಾಗಿ ಕರಗುತ್ತದೆ. ಆದರೆ ಕುಡಿತದ ಪರಿಹಾಸ ಧಾರಾಳವಾಗಿದೆ, ಉತ್ತರಾರ್ಧದಲ್ಲಿ ಹೆಣ್ಣೊಬ್ಬಳ ಕಷ್ಟದ ವಿಚಾರ ಬರುತ್ತದೆ. ಹನ್ನೊಂದು ಹನ್ನೆರಡರ ಮಕ್ಕಳು ಅದನ್ನು ಗ್ರಹಿಸಬಲ್ಲರು, ಏಳರವರಿಗೆ ಬೇಸರವಾಗುತ್ತದೆ. ಅಮೆರಿಕದ ‘ದಿ ವೈಲ್ಡ್ ರೋಬೊಟ್’ (2024) ಮೊದಲಲ್ಲಿಯೇ ಒಂದು ಹೆಬ್ಬಾತಿನ ಗೂಡು ಅಪಘಾತದಿಂದ ನಾಶವಾಗಿ ಒಂದೇ ಒಂದು ಮೊಟ್ಟೆ ಉಳಿಯುವ ಚಿತ್ರ. ತಾಯ್ತನವನ್ನು ಕುರಿತು ಅಷ್ಟು ಸುಂದರವಾಗಿ ಹೇಳಿದ ಮಕ್ಕಳ ಚಿತ್ರಗಳು ಕಡಮೆ, ಐದು ತುಂಬಿದವರನ್ನು ನಿಸ್ಸಂಕೋಚವಾಗಿ ಕರೆದೊಯ್ಯಬಹುದಾಗಿದ್ದಿತು. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಮುಚ್ಚುವ ಸ್ಥಿತಿಗೆ ಬಂದ ಕನ್ನಡ ಶಾಲೆಯೊಂದರ ಕಥೆ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಅದರಲ್ಲಿ ಶಿಳ್ಳೆ ಬೀಳುವುದು ಅನಂತನಾಗ್ ಅವರ ಮಾತಿಗೆ, ಮಕ್ಕಳ ತುಂಟತನಕ್ಕೆ. ಏಳನೆಯ ತರಗತಿಯ ಪ್ರೇಮಪ್ರಸಂಗವನ್ನು ಕಂಡು ಮುಖ ಸಿಂಡರಿಸಿದ ತಂದೆತಾಯಿಗಳಿದ್ದರು. ನನಗಾದರೋ ಅದು ನಿರುಪದ್ರವಿಯಾಗಿಯೇ ತೋರಿತು. ಅಭಯಸಿಂಹರ ‘ಗುಬ್ಬಚ್ಚಿಗಳು’ (2008) ಗುಬ್ಬಿಯನ್ನು ಹುಡುಕಿಕೊಂಡು ಹೊರಡುವ ಮಕ್ಕಳ ಕಥೆ. ಅದೂ ರಾಷ್ಟ್ರಪ್ರಶಸ್ತಿ ಪಡೆದ ಮಕ್ಕಳ ಚಿತ್ರವೇ, ಆದರೆ ಅದನ್ನು ನೋಡಿದವರನ್ನು ಹುಡುಕುವುದು ಗುಬ್ಬಿಯನ್ನು ಹುಡುಕುವುದಕ್ಕಿಂತ ಕಷ್ಟ.

ಇನ್ನು ಪ್ರಮಾಣಪತ್ರದ ವಿಚಾರ. 1952ರ ಚಲಚ್ಚಿತ್ರ ಅಧಿನಿಯಮದಂತೆ ಬಹುಕಾಲ ಇದ್ದುದು ಎಲ್ಲರಿಗೂ ಸಲ್ಲುವ ಯು, ವಯಸ್ಕರಿಗೆ ಮಾತ್ರ ಸಲ್ಲುವ ಎ ಎಂಬ ಎರಡೇ ಮುಖ್ಯ ದರ್ಜೆಗಳು. 1983ರಲ್ಲಿ ಇವೆರಡರ ನಡುವೆ ಯುಎ ಎಂಬುದು ಬಂದಿತು: ಹನ್ನೆರಡರ ಒಳಗಿನವರು ದೊಡ್ಡವರ ಮಾರ್ಗದರ್ಶನದಲ್ಲಿ ನೋಡತಕ್ಕುದು ಎಂದು. ಆ ಹನ್ನೆರಡೆಂಬ ಗೆರೆ ಬಹಳ ಮಂದವಾದುದು. ಆರು ವರ್ಷದವನನ್ನೂ ಹನ್ನೊಂದರವನನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದಿತು. 2023ರ ತಿದ್ದುಪಡಿಯಿಂದ ಅದು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿ ಒಡೆಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎ ದರ್ಜೆಯ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ತಂದೆತಾಯಿಗಳು ಜೊತೆಗಿದ್ದರೂ ಬಿಡುವಂತಿಲ್ಲ, ಬಾಗಿಲಿನಲ್ಲಿ ಆಧಾರ್ ಕೇಳುತ್ತಾರೆ, ಇಲ್ಲವೆಂದರೆ ಟಿಕೆಟ್ಟಿನ ಹಣ ಹೋದಂತೆಯೇ. ಯುಎ ಅಂಕಿಗಳಾದರೋ ಸಲಹೆಯ ರೂಪದವು. ಅವನ್ನು ಜಾರಿಗೆ ತರುವ ಅಧಿಕಾರ ತಂದೆತಾಯಿಗಳನ್ನೂ ಪೋಷಕರನ್ನೂ ಬಿಟ್ಟು ಮತ್ತಾರಿಗೂ ಇಲ್ಲವೆಂದು ಕಾನೂನೇ ಹೇಳುತ್ತದೆ. ಯುಎ 16+ ಚಿತ್ರಕ್ಕೆ ನಾಲ್ಕು ವರ್ಷದ ಕೂಸನ್ನೆತ್ತಿಕೊಂಡು ಬಂದರೆ ದ್ವಾರಪಾಲಕನು ನಗುಮೊಗದಿಂದಲೇ ಒಳಗೆ ಬಿಡುತ್ತಾನೆ. ಬಿಟ್ಟನಾದ್ದರಿಂದ ಸರಿಯಾಗಿರಬೇಕೆಂದು ಬಹುಮಂದಿ ತಿಳಿಯುವುದೇ ಇಲ್ಲಿನ ಅನರ್ಥಕ್ಕೆಲ್ಲ ಮೂಲ. ಬುಕ್‌ಮೈಶೋದಲ್ಲಿ ಚಿತ್ರದ ಹೆಸರಿನ ಬಳಿಯೇ ಈ ದರ್ಜೆಯನ್ನೂ ಅವಧಿಯನ್ನೂ ಹಾಕಿರುತ್ತಾರೆ. ಆಸನ ಆರಿಸುವ ಆತುರದಲ್ಲಿ ಅದನ್ನು ದಾಟಿ ಹೋಗದಿದ್ದರೆ ಸಾಕು.

ಮನೆಯ ತೆರೆಯ ಮೇಲೆ ನೋಡುವ ಓಟಿಟಿ ಚಿತ್ರಗಳಿಗೂ 2021ರ ನಿಯಮಗಳಿಂದ ಇಂಥವೇ ದರ್ಜೆಗಳುಂಟು. ಅಲ್ಲಿ ದರ್ಜೆ ಕೊಡುವವರು ಮಂಡಳಿಯವರಲ್ಲ, ಪ್ರಸಾರ ಮಾಡುವ ಸಂಸ್ಥೆಯವರೇ. 13+ ಮತ್ತು ಮೇಲಿನವುಗಳಿಗೆ ಬೀಗ ಹಾಕುವ ಸೌಕರ್ಯವನ್ನು ಅವರು ಕೊಡಲೇಬೇಕು. ಮಕ್ಕಳ ಹೆಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರದಕ್ಕೆ ನಾಲ್ಕಂಕಿಯ ಪಿನ್ ಇಟ್ಟರೆ ಕೆಲಸವಾಯಿತು. ಆ ಪಿನ್ ಮಗುವಿನ ಹುಟ್ಟಿದ ವರ್ಷವಾಗಿರಕೂಡದೆಂಬುದನ್ನು ಹೇಳಬೇಕಾಗಿಲ್ಲವೇನೋ, ಆದರೆ ಹೇಳಿಬಿಡುತ್ತೇನೆ.

ನಮ್ಮ ಭಾಗದ ಚಿತ್ರಮಂದಿರಗಳ ಸ್ವರೂಪವೇ ಬದಲಾಗಿರುವುದರಿಂದ ಹಳೆಯ ಉಪಾಯಗಳು ಈಗ ಸಲ್ಲುವುದಿಲ್ಲ. ಮೂಕಿ ಚಿತ್ರಗಳ ಕಾಲದ ಶಿವಾಜಿನಗರದ ಎಲ್ಗಿನ್ ಟಾಕೀಸಾಗಲಿ, ಮಹಾತ್ಮಗಾಂಧಿ ರಸ್ತೆಯ ಪ್ಲಾಜಾ ಆಗಲಿ, 2018ರ ಕೊನೆಯ ದಿನ ಬಾಗಿ‌ಲು ಹಾಕಿದ ಬ್ರಿಗೇಡ್ ರಸ್ತೆಯ ರೆಕ್ಸ್ ಆಗಲಿ ಇಂದಿಲ್ಲ. ಹಲಸೂರಿನ ಲಿಡೊ ಮಾಲಾಗಿ ಹೆಸರನ್ನು ಮಾತ್ರ ಉಳಿಸಿಕೊಂಡಿದೆ. ಆ ಮಂದಿರಗಳಲ್ಲಿ ಮಗು ಅತ್ತರೆ ಬಾಲ್ಕನಿಯ ಹಿಂದಿನ ಬಾಗಿಲಿನಿಂದ ವರಾಂಡಕ್ಕೆ ಬಂದು, ಕಡಲೆಕಾಯಿ ಕೊಡಿಸಿ, ಸಮಾಧಾನವಾದ ಮೇಲೆ ಮತ್ತೆ ಒಳಗೆ ನುಸುಳಬಹುದಾಗಿದ್ದಿತು. ಮಾಲಿನ ನಾಲ್ಕನೆಯ ಮಹಡಿಯಲ್ಲಿ ಅದು ಸುಲಭವಲ್ಲ. ಆದುದರಿಂದ ಸಾಲಿನ ಕೊನೆಯ, ಓಡಾಡುವ ದಾರಿಗೆ ಹೊಂದಿದ ಆಸನವನ್ನೇ ಹಿಡಿಯಬೇಕು. ಧ್ವನಿಯ ಪೆಟ್ಟಿಗೆಗಳು ಎರಡು ಪಕ್ಕದ ಗೋಡೆಗಳ ಮೇಲೆ ಸಾಲಾಗಿ ಇರುವುದರಿಂದ ಗೋಡೆಗೆ ತಾಗಿದ ಆಸನ ಮಗುವಿಗೆ ಸಲ್ಲದು; ನಡುದಾರಿಯುಳ್ಳ ಸಭಾಂಗಣವಾದರೆ ಆ ದಾರಿಯ ಬದಿ, ಪರದೆಯಿಂದ ಮೂರನೆಯ ಎರಡು ಪಾಲು ಹಿಂದೆ ಕುಳಿತರೆ ಅಬ್ಬರ ಕೊಂಚ ತಗ್ಗುತ್ತದೆ. ಕಿವಿಗೆ ಹತ್ತಿ, ಹೊದೆಯಲೊಂದು ಸ್ವೆಟರ್ ಚೀಲದಲ್ಲಿರಲಿ. ಹೊರಗೆ ಏಪ್ರಿಲಿನ ಬಿಸಿಲಿದ್ದರೂ ಒಳಗೆ ಮಾಗಿಯೇ. ಹೆಚ್ಚಿನ ಮಲ್ಟಿಪ್ಲೆಕ್ಸುಗಳಲ್ಲಿ ಮೂರು ತುಂಬಿದ ಮಗುವಿಗೆ ಪೂರ್ತಿ ಟಿಕೆಟ್ಟು.

ಅವಧಿಯನ್ನು ಲೆಕ್ಕ ಹಾಕುವಾಗ ಜಾಹೀರಾತುಗಳನ್ನೂ ಸೇರಿಸಿಕೊಳ್ಳಬೇಕು. 2023ರ ಡಿಸೆಂಬರಿನಲ್ಲಿ ನಮ್ಮೂರಿನ ಮಲ್ಟಿಪ್ಲೆಕ್ಸೊಂದರಲ್ಲಿ 4-05ಕ್ಕೆಂದಿದ್ದ ಚಿತ್ರ 4-30ಕ್ಕೆ ಆರಂಭವಾಯಿತೆಂದು ಪ್ರೇಕ್ಷಕರೊಬ್ಬರು ಗ್ರಾಹಕ ಆಯೋಗಕ್ಕೆ ದೂರಿತ್ತು, ಅಲ್ಲಿ ಗೆದ್ದರು. ಆ ಆದೇಶಕ್ಕೆ ಹೈಕೋರ್ಟು ತಡೆಯಿತ್ತಿತು. ನ್ಯಾಯ ಯಾವ ಕಡೆಗಾದರೂ ಇರಲಿ, ಐದು ವರ್ಷದ ಮಗುವಿನ ತಾಳ್ಮೆಯಲ್ಲಿ ಆ ಇಪ್ಪತ್ತೈದು ನಿಮಿಷ ದೊಡ್ಡ ಪಾಲು. ಆ ಹೊತ್ತಿನಲ್ಲಿ ಬರುವ ಬೇರೆ ಚಿತ್ರಗಳ ಟ್ರೇಲರುಗಳಲ್ಲಿ ಎರಡೂವರೆ ಗಂಟೆಯ ರಕ್ತಪಾತವೆಲ್ಲ ಎರಡು ನಿಮಿಷಕ್ಕೆ ಸಾಂದ್ರವಾಗಿರುವುದುಂಟು. ಅದಕ್ಕೂ ಮಿಗಿಲಾದುದು ತಂಬಾಕಿನ ಎಚ್ಚರಿಕೆ. 2012ರ ಅಕ್ಟೋಬರ್ 2ರಿಂದ ತಂಬಾಕಿನ ದೃಶ್ಯಗಳುಳ್ಳ ಚಿತ್ರಗಳ ಆರಂಭದಲ್ಲಿಯೂ ಮಧ್ಯಂತರದ ಬಳಿಕವೂ ತೋರಿಸಬೇಕೆಂದು ವಿಧಿಸಿರುವ ಆ ಆಸ್ಪತ್ರೆಯ ದೃಶ್ಯಗಳು, ಬಾಯಿಯ ಹುಣ್ಣು, ಮೂಗಿನ ನಳಿಕೆ, ಇವುಗಳಿಗಿಂತ ಹೆಚ್ಚಾಗಿ ಮಕ್ಕಳನ್ನು ನಮ್ಮ ಯಾವ ಖಳನಾಯಕನೂ ಹೆದರಿಸಿಲ್ಲ. ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ; ಆದರೂ ಮಗುವಿನೊಡನೆ ಹೋದವರು ಹೊತ್ತಿಗೆ ಸರಿಯಾಗಿ ಒಳಗೆ ಹೋಗಿ ಕುಳಿತುಕೊಳ್ಳುವ ಬದಲು ಹತ್ತು ಹದಿನೈದು ನಿಮಿಷ ತಡವಾಗಿ ಹೋಗುವುದರಲ್ಲಿ ಅಶಿಸ್ತೇನೂ ಇಲ್ಲ.

ಕಾಸು ಕೊಟ್ಟು ಮಾಲಿಗೇ ಹೋಗಬೇಕೆಂಬ ನಿಯಮವೂ ಇಲ್ಲ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಹೆಚ್ಚಿನ ಕಾರ್ಯಕ್ರಮಗಳಿಗೆ ಪ್ರವೇಶಶುಲ್ಕವಿಲ್ಲ, ಮಕ್ಕಳಿಗೆಂದೇ ಏರ್ಪಡಿಸಿದವೂ ಇರುತ್ತವೆ, ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿರುವ ಜರ್ಮನ್ ಸಂಸ್ಥೆಯಾದ ಗೋಥೆ ಇನ್‌ಸ್ಟಿಟ್ಯೂಟಿನಲ್ಲಿಯೂ ಚಿತ್ರಪ್ರದರ್ಶನಗಳು ನಡೆಯುತ್ತವೆ. ಉತ್ಸವಗಳಿಗಾಗಿ ಪ್ರಮಾಣಪತ್ರದಿಂದ ವಿನಾಯಿತಿ ಪಡೆದ ಚಿತ್ರಗಳಿಗೆ ಸಾಮಾನ್ಯವಾಗಿ ಹದಿನೆಂಟು ತುಂಬಿದವರಿಗಷ್ಟೇ ಪ್ರವೇಶವಾದ್ದರಿಂದ, ಹೊರಡುವ ಮುನ್ನ ಫೋನಿನಲ್ಲಿ ವಿಚಾರಿಸಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಮ್ಮೊಮ್ಮೆ ಮಗು ಮಧ್ಯದಲ್ಲಿ, “ಮನೆಗೆ ಹೋಗೋಣ” ಎಂದುಬಿಡುತ್ತದೆ. ಟಿಕೆಟ್ಟಿಗೂ ಪಾಪ್‌ಕಾರ್ನಿಗೂ ತೆತ್ತ ಹಣವನ್ನು ನೆನೆದು, “ಇನ್ನು ಸ್ವಲ್ಪ ಹೊತ್ತು ಕಣೋ, ಕಣ್ಣು ಮುಚ್ಕೊ” ಎನ್ನುವವರೇ ಹೆಚ್ಚು. ಕಣ್ಣು ಮುಚ್ಚಿದರೆ ಕಿವಿ ಮುಚ್ಚಿದಂತಾಗಲಿಲ್ಲ. ತೆರೆಯಿಂದ ಬರುವ ಶಬ್ದಕ್ಕೆ ಮಗು ತನ್ನ ಕಲ್ಪನೆಯಿಂದಲೇ ಚಿತ್ರವನ್ನು ಬರೆದುಕೊಳ್ಳುತ್ತದೆ, ಅದು ನಿರ್ದೇಶಕನು ತೆಗೆದುದಕ್ಕಿಂತ ಘೋರವಾಗಿಯೇ ಇರುತ್ತದೆ. ಎರಡನೆಯ ಸಲ ಹೇಳಿಸಿಕೊಳ್ಳದೆ ಎದ್ದು ಬರುವುದು ಒಳ್ಳೆಯದು. ಒಂದು ಕುಟುಂಬದಲ್ಲಿ ಇಬ್ಬರು ದೊಡ್ಡವರಿದ್ದು, ಅಕ್ಕನಿಗೆ ಚಿತ್ರ ಹಿಡಿಸಿ ತಮ್ಮನಿಗೆ ಹಿಡಿಸದೆ ಹೋದರೆ ಒಬ್ಬರು ಉಳಿಯಬಹುದು, ಒಬ್ಬರು ಹೊರಡಬಹುದು. ಯಾರು ಉಳಿಯುವುದೆಂಬುದನ್ನು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿಕೊಂಡಿದ್ದರೆ ಕತ್ತಲಲ್ಲಿ ಪಿಸುಮಾತಿನ ಜಗಳ ತಪ್ಪುತ್ತದೆ. ವೈಟ್‌ಫೀಲ್ಡ್ ರಸ್ತೆಯ ಫೀನಿಕ್ಸ್ ಮಾಲಿಗೆ ಸಿಂಗಯ್ಯನಪಾಳ್ಯದ ನಿಲ್ದಾಣವೂ, ಹಲಸೂರಿನ ಲಿಡೊವಿಗೆ ಟ್ರಿನಿಟಿಯೂ ಸಮೀಪ. ನೇರಳೆ ಮಾರ್ಗದಲ್ಲಿ ರಾತ್ರಿ ಹತ್ತಕ್ಕೂ ರೈಲುಂಟಾದ್ದರಿಂದ ಮೊದಲು ಹೊರಟವರು ಆಟೋದವನೊಡನೆ ಚೌಕಾಸಿ ಮಾಡುತ್ತ ನಿಲ್ಲಬೇಕಾಗಿಲ್ಲ.